ನಿಮ್ಮ ತಾಲ್ಲೂಕಿನ ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳನ್ನು ದಾಖಲಿಸುವ ಬಗೆ

ಕೆರೆ ತೂಬಿನ ಪಕ್ಕ ಬಟ್ಟೆ ಒಗೆಯುವ ಚಪ್ಪಡಿಯಾಗಿ, ಹೊಲದ ಬದುವಿನಲ್ಲಿ ಅರ್ಧ ಹೂತುಹೋಗಿ, ಅರಳಿಕಟ್ಟೆಯ ಮೇಲೆ ಎಣ್ಣೆ ಕುಂಕುಮ ಮೆತ್ತಿಕೊಂಡು, ಕರ್ನಾಟಕದ ಬಹುಪಾಲು ತಾಲ್ಲೂಕುಗಳಲ್ಲಿ ಹಳೆಯ ಕಲ್ಲುಗಳು ಇವತ್ತಿಗೂ ನಿಂತಿವೆ: ಬರಹ ಕೊರೆದ ಶಾಸನ, ಹೋರಾಡಿ ಮಡಿದವರ ನೆನಪಿನ ವೀರಗಲ್ಲು, ಸಹಗಮನ ಮಾಡಿದ ಹೆಂಗಸರ ನೆನಪಿನ ಮಾಸ್ತಿಕಲ್ಲು. ಸಂರಕ್ಷಿತ ಸ್ಮಾರಕದ ಬೇಲಿಯೊಳಗೆ ಇರುವವು ಕೆಲವೇ. ಉಳಿದವನ್ನು ಕಾಯುತ್ತಿರುವುದು ಊರಿನವರ ನೆನಪು ಮತ್ತು ಯಾರಾದರೂ ಸರಿಯಾಗಿ ಬರೆದಿಟ್ಟ ದಾಖಲೆ. ರಸ್ತೆ ಅಗಲವಾಗುವಾಗ, ದೇವಸ್ಥಾನ ಜೀರ್ಣೋದ್ಧಾರ ಆಗುವಾಗ, ಲೇಔಟ್ ಬರುವಾಗ ಮೊದಲು ಕಾಣೆಯಾಗುವವು ದಾಖಲೆಯಿಲ್ಲದ ಕಲ್ಲುಗಳೇ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಮಾತು ಮನಸ್ಸಿನಲ್ಲಿರಲಿ. ಶಾಸನದ ಅರ್ಧ ಅರ್ಥ ಅದರ ಅಕ್ಷರದಲ್ಲಿದೆ, ಇನ್ನರ್ಧ ಅದು ನಿಂತ ಜಾಗದಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ತನ್ನನ್ನು ಚಲ್ಲೇಶ್ವರನ ಮುಂದೆ ನೆಟ್ಟರೆಂದು ತಾನೇ ಹೇಳುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಲಿಂದ ಬಂತೆಂದು ಬರೆದಿಟ್ಟದ್ದರಿಂದ ಊರಿನ ನಂಟು ಉಳಿದಿದೆ. ಗದ್ದೆಯ ಎಲ್ಲೆ ಹೇಳುವ ದಾನಶಾಸನವೊಂದನ್ನು ಯಾರೋ ಭಕ್ತಿಯಿಂದ ತಂದು ಗುಡಿಯ ಅಂಗಳದಲ್ಲಿ ನಿಲ್ಲಿಸಿ, ಮೊದಲು ಎಲ್ಲಿತ್ತೆಂದು ಬರೆಯದೇ ಹೋದರೆ ಆ ಎಲ್ಲೆಯನ್ನು ಮತ್ತೆ ಹುಡುಕುವುದು ತೀರಾ ಕಷ್ಟ. ಆದ್ದರಿಂದ ದಾಖಲಿಸಿ, ಕದಲಿಸಬೇಡಿ.

ಮೊದಲ ಹೆಜ್ಜೆ: ಮನೆಯಲ್ಲಿ ಕೂತು ಪಟ್ಟಿ

ಊರು ಸುತ್ತುವ ಮುಂಚೆ ಎರಡು ವಾರ ಪುಸ್ತಕದ ಕೆಲಸಕ್ಕೆ ಕೊಡಿ. ಹಳೆ ಮೈಸೂರು ಸೀಮೆಯ ತಾಲ್ಲೂಕಾದರೆ ಮೊದಲ ಆಧಾರ ಎಪಿಗ್ರಾಫಿಯಾ ಕರ್ನಾಟಿಕ. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಈ ಸಂಪುಟಗಳು ಜಿಲ್ಲೆವಾರು, ಅದರೊಳಗೆ ತಾಲ್ಲೂಕುವಾರು ಸಂಖ್ಯೆ ಹಾಕಿಕೊಂಡಿವೆ. ಪ್ರತಿ ಶಾಸನಕ್ಕೂ ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಸಿಗುತ್ತದೆ. ತಾಳಗುಂದದ ಕದಂಬ ಸ್ತಂಭ ಶಾಸನ ಏಳನೆಯ ಸಂಪುಟದ ಶಿಕಾರಿಪುರ 176. ಬಳ್ಳಿಗಾವಿ, ಬಂದಳಿಕೆ, ಮಳವಳ್ಳಿಗಳನ್ನು ಒಳಗೊಂಡ ಆ ಒಂದೇ ತಾಲ್ಲೂಕಿನ ಸಂಖ್ಯೆ ಮುನ್ನೂರು ದಾಟುತ್ತದೆ. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆಗಳು ಬೇರೆ. ಯಾವ ಆವೃತ್ತಿಯ ಸಂಖ್ಯೆ ಎಂದು ಪ್ರತಿ ಸಲವೂ ಬರೆಯಿರಿ. ಬರೆಯದಿದ್ದರೆ ಒಂದೇ ಕಲ್ಲು ಪಟ್ಟಿಯಲ್ಲಿ ಎರಡಾಗುತ್ತದೆ.

ಹುಡುಕುವವರು ಹೆಚ್ಚಾಗಿ ಎಡವುವುದು ಜಿಲ್ಲೆಯ ಗಡಿಯಲ್ಲಿ. ಹೊನ್ನಾಳಿ, ಚನ್ನಗಿರಿ ಇವತ್ತು ದಾವಣಗೆರೆ ಜಿಲ್ಲೆಯಲ್ಲಿವೆ, ಅವುಗಳ ಶಾಸನ ಶಿವಮೊಗ್ಗದ ಏಳನೆಯ ಸಂಪುಟದಲ್ಲಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿಗಳನ್ನು ಕೋಲಾರದ ಹತ್ತನೆಯ ಸಂಪುಟದಲ್ಲಿ ನೋಡಬೇಕು. ಮಂಡ್ಯ ಜಿಲ್ಲೆ 1939ರದು, ಅದರ ತಾಲ್ಲೂಕುಗಳು ಮೈಸೂರಿನ ಸಂಪುಟಗಳಲ್ಲಿ ಕೂತಿವೆ. ಆತಕೂರು ಮೂರನೆಯ ಸಂಪುಟದ ಮಂಡ್ಯ 41, ಊರು ಈಗ ಮದ್ದೂರು ತಾಲ್ಲೂಕಿಗೆ ಸೇರಿದ್ದರೂ ಅಷ್ಟೆ. ಧಾರವಾಡ, ವಿಜಯಪುರ, ಬಳ್ಳಾರಿ ಕಡೆಯವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲೆಯ 9, 11, 15, 18, 20ನೆಯ ಸಂಪುಟಗಳನ್ನು ತೆರೆಯಬೇಕು. ಇವಲ್ಲದೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು ಎಂ.ಎಚ್. ಕೃಷ್ಣ ಅವರು ಇಲಾಖೆಯಲ್ಲಿದ್ದಾಗ, 1936ರಲ್ಲಿ.

ಪಟ್ಟಿಯಲ್ಲಿ ಊರಿನ ಹಳೆಯ ಹೆಸರು, ಈಗಿನ ಹೆಸರು, ಪುಸ್ತಕ ಹೇಳುವ ಜಾಗ, ಕಾಲ, ಅರಸ, ಮೊದಲ ಸಾಲಿನ ನಾಲ್ಕೈದು ಪದ, ಇಷ್ಟು ಇರಲಿ. ಮೊದಲ ಸಾಲು ಬಲು ಮುಖ್ಯ. ಪುಸ್ತಕ “ಊರಬಾಗಿಲ ಬಳಿ” ಎಂದಿರುತ್ತದೆ, ಬಾಗಿಲು ಬಿದ್ದು ಎಪ್ಪತ್ತು ವರ್ಷ ಆಗಿರಬಹುದು. ಆಗ ಇದೇ ಆ ಕಲ್ಲು ಎಂದು ಗುರುತು ಹಿಡಿಯಲು ಉಳಿಯುವುದು ಆ ಪದಗಳೇ.

ಪುಸ್ತಕದ ಪಟ್ಟಿಗೆ ಕಂದಾಯದ ನಕ್ಷೆ ಜೋಡಿಸಿ. ಗ್ರಾಮ ನಕ್ಷೆಯಲ್ಲಿ ಬೇಚರಾಕ್ ಎಂದು ಗುರುತಾದ, ಜನವಸತಿ ಇಲ್ಲದ ಗ್ರಾಮಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ. ಊರು ಬಿಟ್ಟುಹೋದರೂ ಅದರ ಗುಡಿ, ಕೆರೆ, ಕಲ್ಲುಗಳು ಅಲ್ಲೇ ಇರುತ್ತವೆ. ಹೊಸ ಕಲ್ಲುಗಳು ಸಿಗುವ ಸಂಭವ ಅಲ್ಲಿ ಹೆಚ್ಚು.

ಕಲ್ಲಿನ ಗುರುತು

ಬರಹ ಇಲ್ಲದ ಕಲ್ಲನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು. ಶಿಲ್ಪವೇ ಅಲ್ಲಿ ಬರಹ.

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದು ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಒಯ್ಯುತ್ತಾರೆ, ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ತುದಿಗೆ ಸೂರ್ಯ ಚಂದ್ರ. ಕಥೆ ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಬೇಕು. ಬರಹ ಪಟ್ಟಿಕೆಗಳ ನಡುವಿನ ಅಡ್ಡ ಅಂಚಿನಲ್ಲಿರುತ್ತದೆ. ಗಂಗರ ಕಾಲದ ಹಳೆಯ ಕಲ್ಲುಗಳಲ್ಲಿ ಒಂದೇ ದೃಶ್ಯ ಇದ್ದು ಅಕ್ಷರ ಅದರ ಸುತ್ತ ಹರಿದಿರುವುದೂ ಉಂಟು. ಕೆಳಪಟ್ಟಿಕೆಯಲ್ಲಿ ದನಗಳಿದ್ದರೆ ತುರುಗೋಳ್, ಅಂದರೆ ಹಸು ಹಿಡಿದೊಯ್ದವರ ವಿರುದ್ಧದ ಕಾಳಗ. ಹಂದಿ ಅಥವಾ ಹುಲಿ ಇದ್ದರೆ ಬೇಟೆ.

ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಬಂದ ತೋಳು ಮೊಣಕೈಯಲ್ಲಿ ಮಡಚಿ ಮೇಲೆದ್ದಿರುತ್ತದೆ. ಕೈತುಂಬ ಬಳೆ, ಎಷ್ಟೋ ಕಲ್ಲುಗಳಲ್ಲಿ ಬೆರಳ ಸಂದಿನಲ್ಲಿ ನಿಂಬೆಹಣ್ಣು. ಊರಿನಲ್ಲಿ ಇದನ್ನು ಮಾಸ್ತಮ್ಮ ಎಂದು ಪೂಜಿಸುತ್ತಾರೆ. ಗಡಿಕಲ್ಲುಗಳಲ್ಲಿ ಲಿಂಗ ಇದ್ದರೆ ಲಿಂಗಮುದ್ರೆ, ಕೊಡೆ ಕಮಂಡಲ ಹಿಡಿದ ವಾಮನ ಇದ್ದರೆ ವಾಮನಮುದ್ರೆ, ಮೂರು ಕೊಡೆ ಇದ್ದರೆ ಜೈನ ಬಸದಿಗೆ ಸೇರಿದ ಮುಕ್ಕೊಡೆ ಕಲ್ಲು. ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟವರ ನೆನಪಿಗೆ ಜೈನರು ನೆಟ್ಟ ನಿಸಿದಿಗಲ್ಲನ್ನು ವೀರಗಲ್ಲೆಂದು ಬರೆದುಬಿಡುವವರಿದ್ದಾರೆ. ಅದರಲ್ಲಿ ಆಯುಧ ಇರುವುದಿಲ್ಲ, ಮೇಲುಗಡೆ ಜಿನಬಿಂಬ ಇರುತ್ತದೆ. ಊರು ಕಟ್ಟುವಾಗ ಊರ ನಡುವೆ ನೆಟ್ಟ ಕರುಗಲ್ಲು, ದನಗಳ ರೋಗಕ್ಕೆಂದು ನೆಟ್ಟ ಯಂತ್ರದ ಕಲ್ಲು, ಇವನ್ನೂ ಪಟ್ಟಿಗೆ ಸೇರಿಸಿ. ಯಂತ್ರದ ಕಲ್ಲಿನ ಚೌಕಗಳೊಳಗಿನ ಬಿಡಿ ಅಕ್ಷರಗಳನ್ನು ಶಾಸನವೆಂದುಕೊಂಡು ಸಾಲುಸಾಲಾಗಿ ಓದಲು ಹೋಗಬೇಡಿ.

ಊರಿನಲ್ಲಿ ಕೇಳುವ ಬಗೆ

“ಇಲ್ಲಿ ಶಾಸನ ಇದೆಯಾ” ಎಂದರೆ ಇಲ್ಲ ಎಂಬ ಉತ್ತರವೇ ಬರುತ್ತದೆ, ಶಾಸನ ಎಂಬುದು ಪುಸ್ತಕದ ಪದ. “ಯಜಮಾನ್ರೇ, ಅಕ್ಷರ ಇರೋ ಕಲ್ಲು, ಬಿಲ್ಲು ಕತ್ತಿ ಹಿಡ್ದಿರೋ ಗೊಂಬೆ ಕಲ್ಲು ಎಲ್ಲಾದ್ರೂ ಐತಾ?” ಎಂದು ಕೇಳಿ. “ಅಕ್ಷರದ್ದು ಗೊತ್ತಿಲ್ಲ ಕಣಪ್ಪ, ತೋಪಿನ್ ತಾವ ಈರಗಲ್ಲೈತೆ, ಮಾಸ್ತಮ್ಮನ ಗುಡಿ ಹಿಂದೆ ಇನ್ನೊಂದೈತೆ” ಎಂದು ದಾರಿ ತೆರೆಯುತ್ತದೆ. ಹೆಚ್ಚು ಗೊತ್ತಿರುವುದು ದನ ಕುರಿ ಕಾಯುವವರಿಗೆ, ಕೆರೆ ನೀರು ಬಿಡುವ ನೀರಗಂಟಿಗೆ, ಗುಡಿಯ ಪೂಜಾರಿಗೆ. ಹೆಂಗಸರನ್ನು ಕೇಳುವುದನ್ನು ಮರೆಯಬೇಡಿ. ಮಾಸ್ತಮ್ಮನ ಪೂಜೆ ಹೆಚ್ಚಾಗಿ ಅವರ ಕೈಯಲ್ಲಿರುತ್ತದೆ, ಒಗೆಯುವ ಕಲ್ಲಿನ ಅಡಿಮಗ್ಗುಲಲ್ಲಿ ಅಕ್ಷರ ಇದ್ದರೆ ಅವರಿಗೇ ಗೊತ್ತಿರುತ್ತದೆ.

ಅಳತೆ ಪಟ್ಟಿ, ಟಾರ್ಚು ಹಿಡಿದು ಹಾಳುಗುಡಿ ಸುತ್ತುವವರನ್ನು ನಿಧಿಗಳ್ಳರೆಂದು ಜನ ಅನುಮಾನಿಸುತ್ತಾರೆ. ಆ ಅನುಮಾನಕ್ಕೆ ಕಾರಣವಿದೆ, ನಿಧಿಯಾಸೆಗೆ ಒಡೆದುಹೋದ ವಿಗ್ರಹ, ಅಗೆದ ಗರ್ಭಗುಡಿಗಳು ನಾಡಿನ ತುಂಬ ಇವೆ. ಗ್ರಾಮ ಪಂಚಾಯಿತಿಗೆ ಮೊದಲೇ ಒಂದು ಪತ್ರ ಕೊಟ್ಟು ಸ್ವೀಕೃತಿ ಪ್ರತಿ ಜೇಬಿನಲ್ಲಿಟ್ಟುಕೊಳ್ಳಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಗುದ್ದಲಿ, ಹಾರೆ ಗಾಡಿಯಲ್ಲಿ ಕೂಡ ಇರಬಾರದು. ಹೂತ ಕಲ್ಲನ್ನು ಎತ್ತಬೇಕೆನಿಸಿದರೆ ತಹಶೀಲ್ದಾರರಿಗೂ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಬರೆದು ಅವರ ಮೂಲಕವೇ ಆಗಲಿ.

ಚೀಲದಲ್ಲಿ

5 ಮೀಟರ್ ಅಳತೆ ಪಟ್ಟಿ, 10 ಸೆಂಟಿಮೀಟರ್ ಗುರುತಿನ ಕಪ್ಪು ಬಿಳಿ ಅಳತೆ ಪಟ್ಟಿ, ಮೆದು ನೈಲಾನ್ ಬ್ರಷ್ ಎರಡು, ಸ್ಪ್ರೇ ಬಾಟಲಿ, 5 ಲೀಟರ್ ಸಾದಾ ನೀರು, ಪ್ರಖರವಾದ ಎಲ್‌ಇಡಿ ಟಾರ್ಚು, 2 ಮೀಟರ್ ಉದ್ದ ಅಗಲದ ದಪ್ಪ ಕಪ್ಪು ಬಟ್ಟೆ, ಪೆನ್ಸಿಲ್, ಗಟ್ಟಿ ರಟ್ಟಿನ ಪುಸ್ತಕ, ಪವರ್ ಬ್ಯಾಂಕ್. ಪೆನ್ನು ಬೇಡ, ನೀರು ಬಿದ್ದರೆ ಅಳಿಸಿಹೋಗುತ್ತದೆ. ಪೊದೆ ಸರಿಸಲು ಉದ್ದ ಕೋಲು, ಕಾಲಿಗೆ ಬೂಟು. ಕಲ್ಲಿನ ಬುಡದ ಸಂದುಗಳಲ್ಲಿ ಹಾವು ಇರುತ್ತವೆ, ಕೈ ಹಾಕುವ ಮುಂಚೆ ಕೋಲು ಆಡಿಸಿ.

ಕಲ್ಲಿನ ಮುಂದೆ, ಇದೇ ಕ್ರಮದಲ್ಲಿ

1. ಏನನ್ನೂ ಮುಟ್ಟದೆ ದೂರದಿಂದ ನಾಲ್ಕು ದಿಕ್ಕಿನ ಫೋಟೋ. ಮರ, ಗುಡಿ, ಕೆರೆ ಏರಿ ಚೌಕಟ್ಟಿನಲ್ಲಿ ಬರಬೇಕು. ನಾಳೆ ಕಲ್ಲು ಇಲ್ಲವಾದರೆ ಜಾಗ ಹುಡುಕಿಕೊಡುವುದು ಈ ಫೋಟೋಗಳೇ.

2. ಜಿಪಿಎಸ್. ಮೊಬೈಲನ್ನು ಕಲ್ಲಿನ ಮೇಲಿಟ್ಟು ಎರಡು ನಿಮಿಷ ಕಾಯಿರಿ. ತೆರೆದ ಬಯಲಿನಲ್ಲಿ ನಿಖರತೆ 3ರಿಂದ 5 ಮೀಟರಿಗೆ ಇಳಿಯುತ್ತದೆ, ದಟ್ಟ ಮರದ ಕೆಳಗೆ 10 ಮೀಟರ್ ದಾಟಬಹುದು. ಅಕ್ಷಾಂಶ ರೇಖಾಂಶವನ್ನು ದಶಮಾಂಶದಲ್ಲಿ, ಬಿಂದುವಿನ ನಂತರ ಐದು ಅಂಕಿ ಬರೆಯಿರಿ. ಐದನೆಯ ಅಂಕಿಯ ಒಂದು ಹೆಚ್ಚುಕಡಿಮೆ ನೆಲದ ಮೇಲೆ ಸುಮಾರು 1 ಮೀಟರ್. ಪಕ್ಕದಲ್ಲೇ ನಿಖರತೆ ಎಷ್ಟು ತೋರಿಸಿತೆಂದೂ ಬರೆಯಿರಿ.

3. ಸರ್ವೆ ನಂಬರು. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಬದುವಿನ ಮೇಲಿನ ಕಲ್ಲಿಗೆ ಎರಡೂ ಕಡೆಯ ನಂಬರು ಬೇಕು, ಜಿಪಿಎಸ್ ನಾಲ್ಕು ಮೀಟರ್ ತಪ್ಪಿದರೆ ಕಲ್ಲು ಪಕ್ಕದವರ ಹೊಲಕ್ಕೆ ಹೋಗಿಬಿಡುತ್ತದೆ.

4. ಅಳತೆ. ನೆಲದಿಂದ ಮೇಲಿನ ಎತ್ತರ, ಅಗಲ, ದಪ್ಪ, ಸಾಲುಗಳ ಸಂಖ್ಯೆ, ಒಂದು ಅಕ್ಷರದ ಎತ್ತರ, ಮುಖ ಯಾವ ದಿಕ್ಕಿಗೆ. ಕೆಳಸಾಲು ನೆಲದೊಳಗೆ ಹೋಗಿದ್ದರೆ “12 ಸಾಲು ಕಾಣುತ್ತದೆ, ಕೆಳಗೆ ಮುಂದುವರಿದಿದೆ” ಎಂದು ಬರೆಯಿರಿ. ಬರೀ 12 ಎಂದರೆ ಮುಂದೆ ಓದುವವರು ಶಾಸನ ಅಲ್ಲಿಗೆ ಮುಗಿಯಿತೆಂದು ತಿಳಿಯುತ್ತಾರೆ.

5. ನಾಲ್ಕೂ ಮಗ್ಗುಲು ನೋಡಿ. ಎಷ್ಟೋ ಶಾಸನಗಳು ಪಕ್ಕದ ದಪ್ಪದ ಮೇಲೋ ಹಿಂಬದಿಗೋ ಮುಂದುವರಿಯುತ್ತವೆ. ಹಲ್ಮಿಡಿಯಂಥ ಚಿಕ್ಕ ಕಲ್ಲಿನಲ್ಲೂ ಪಕ್ಕಕ್ಕೆ ಒಂದು ಸಾಲಿದೆ.

6. ಊರಿನವರು ಕರೆಯುವ ಹೆಸರು, ಹೇಳುವ ಕಥೆ, ಪೂಜೆಯ ದಿನ. ಇತಿಹಾಸಕ್ಕೆ ಹೊಂದದಿದ್ದರೂ ಅವರು ಹೇಳಿದಂತೆಯೇ ಬರೆದುಕೊಳ್ಳಿ.

ಬೆಳಕು

ಒಳ್ಳೆಯ ಕ್ಯಾಮೆರಾಕ್ಕಿಂತ ಸರಿಯಾದ ಬೆಳಕು ಹೆಚ್ಚು ಓದಿಸುತ್ತದೆ. ಸವೆದ ಅಕ್ಷರದ ಆಳ ಒಂದು ಮಿಲಿಮೀಟರೂ ಇರುವುದಿಲ್ಲ. ಎದುರಿನಿಂದ ಬಿದ್ದ ಬೆಳಕು ಆ ಗೀರನ್ನು ತುಂಬಿ ಮಾಯ ಮಾಡುತ್ತದೆ, ಮೈಗೆ ಸವರಿದಂತೆ ಪಕ್ಕದಿಂದ ಬಂದ ಬೆಳಕು ಪ್ರತಿ ಗೀರಿಗೂ ನೆರಳು ಕೊಡುತ್ತದೆ.

ಬೆಳಗಿನ ಬಿಸಿಲು ಒಳ್ಳೆಯದೆಂಬ ಮಾತು ಎಲ್ಲ ಕಲ್ಲಿಗೂ ಹೊಂದುವುದಿಲ್ಲ. ಪೂರ್ವಕ್ಕೆ ಮುಖ ಮಾಡಿ ನೆಟ್ಟಗೆ ನಿಂತ ಕಲ್ಲಿಗೆ ಬೆಳಗಿನ ಬಿಸಿಲು ಎದುರುಬೆಳಕು. ಅದಕ್ಕೆ ಸವರುಬೆಳಕು ಸಿಗುವುದು ಸೂರ್ಯ ನೆತ್ತಿಗೆ ಬರುವ ತುಸು ಮುಂಚೆ, ಸುಮಾರು ಹನ್ನೊಂದೂವರೆಯಿಂದ. ಪಶ್ಚಿಮಮುಖದ ಕಲ್ಲಿಗೆ ಸೂರ್ಯ ನೆತ್ತಿ ದಾಟಿದ ಕೂಡಲೇ. ದಕ್ಷಿಣಮುಖದ ಕಲ್ಲನ್ನು ಚಳಿಗಾಲದ ಬೆಳಿಗ್ಗೆ ಅಥವಾ ಸಂಜೆ ನೋಡಿ. ಉತ್ತರಮುಖಕ್ಕೆ ಸುಮಾರು ಅರ್ಧ ವರ್ಷ ಬಿಸಿಲೇ ಬೀಳುವುದಿಲ್ಲ, ಆಗ ಟಾರ್ಚೇ ಗತಿ.

ಟಾರ್ಚಿನ ಕೆಲಸಕ್ಕೆ ಇಬ್ಬರು ಬೇಕು. ಸಂಜೆ ಕತ್ತಲಾದ ಮೇಲೆ, ಅಥವಾ ಹಗಲಲ್ಲಿ ಕಪ್ಪು ಬಟ್ಟೆ ಮರೆಮಾಡಿ, ಟಾರ್ಚನ್ನು ಕಲ್ಲಿನ ಮೈಗೆ 10ರಿಂದ 15 ಡಿಗ್ರಿ ಓರೆಯಲ್ಲಿ, ಒಂದು ಮೀಟರ್ ದೂರದಲ್ಲಿ ಹಿಡಿಯಿರಿ. ಕ್ಯಾಮೆರಾ ಕದಲಿಸದೆ ಎಡ, ಬಲ, ಮೇಲು, ಕೆಳಗಿನಿಂದ ಒಂದೊಂದು ಫೋಟೋ ತೆಗೆಯಿರಿ. ಅಡ್ಡಗೀರು ಮೇಲಿನ ಬೆಳಕಿಗೆ ಕಾಣುತ್ತದೆ, ನೆಟ್ಟಗೀರು ಪಕ್ಕದ ಬೆಳಕಿಗೆ. ಒಂದೇ ಕಡೆಯ ಬೆಳಕಿನಲ್ಲಿ ಓದಿದರೆ ಕೊಂಬು ಯಾವುದು, ಬಿರುಕು ಯಾವುದು ಎಂದು ತಿಳಿಯದೆ ಪಾಠ ತಪ್ಪುತ್ತದೆ. ಕೆಳಗಿನ ಬೆಳಕಿನ ಫೋಟೋದಲ್ಲಿ ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ, ಕಣ್ಣು ಮೇಲಿನ ಬೆಳಕಿಗೆ ಒಗ್ಗಿರುವುದೇ ಕಾರಣ. ಅದನ್ನು ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಿ.

ಮೂರು ಆಯಾಮದ ಮಾದರಿ ಮಾಡುವವರು ಇದಕ್ಕೆ ತದ್ವಿರುದ್ಧ ನಡೆಯಬೇಕು. ಮೋಡ ಕವಿದ ದಿನದ ಸಮನಾದ ಬೆಳಕು, ಆಳೆತ್ತರದ ಕಲ್ಲಿಗೆ 60ರಿಂದ 100 ಫೋಟೋ, ಒಂದು ಫೋಟೋದ ಸುಮಾರು ಶೇ 70ರಷ್ಟು ಭಾಗ ಮುಂದಿನ ಫೋಟೋದಲ್ಲೂ ಬರಬೇಕು. ಫ್ಲ್ಯಾಶ್ ಹಾಕಿದರೆ ನೆರಳು ಪ್ರತಿ ಫೋಟೋದಲ್ಲೂ ಜಾಗ ಬದಲಿಸಿ ಮಾದರಿ ಗೋಜಲಾಗುತ್ತದೆ.

ತೊಳೆಯುವುದು, ಮತ್ತು ಮಾಡಬಾರದ್ದು

ಧೂಳು, ಸಡಿಲ ಮಣ್ಣು, ಹಕ್ಕಿಹಿಕ್ಕೆಗೆ ನೀರು ಚಿಮುಕಿಸಿ ಮೆದು ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಸವರಿ. ಅಲ್ಲಿಗೆ ನಿಲ್ಲಿಸಿ. ಕಲ್ಲುಹೂವನ್ನು ಕೆರೆದರೆ ಅದರ ಬೇರಿನೊಂದಿಗೆ ಕಲ್ಲಿನ ಮೇಲ್ಪದರವೂ ಎದ್ದುಬರುತ್ತದೆ. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ, ಒತ್ತಡದ ನೀರು ಯಾವುದೂ ಬೇಡ. ಬಳಪದ ಕಲ್ಲು ಉಗುರಿಗೇ ಗೀರು ಬೀಳುವಷ್ಟು ಮೆದು, ಅದರ ಮೇಲೆ ತಂತಿ ಬ್ರಷ್ ಆಡಿಸಿದರೆ ಸಾವಿರ ವರ್ಷದ ಅಕ್ಷರ ಹತ್ತು ನಿಮಿಷಕ್ಕೆ ಹೋಗುತ್ತದೆ. ಎಣ್ಣೆ ಕುಂಕುಮದ ಗಟ್ಟಿ ಪದರವನ್ನು ತೆಗೆಯುವುದು ಸಂರಕ್ಷಣೆ ಕಲಿತವರ ಕೆಲಸ, ಅದೂ ಪೂಜೆ ಮಾಡುವವರು ಒಪ್ಪಿದ ಮೇಲೆ.

ಫೋಟೋದಲ್ಲಿ ಎದ್ದು ಕಾಣಲೆಂದು ಅಕ್ಷರಕ್ಕೆ ಸೀಮೆಸುಣ್ಣ ತುಂಬುವ ರೂಢಿಯನ್ನು ಬಿಡಲೇಬೇಕು. ತುಂಬುವವರು ತಾವು ಊಹಿಸಿದ ಅಕ್ಷರವನ್ನೇ ತುಂಬುತ್ತಾರೆ. ಆಮೇಲೆ ನೋಡುವವರಿಗೆ ಕಾಣುವುದು ಕಲ್ಲಲ್ಲ, ಆ ಊಹೆ. ಆಯಿಲ್ ಪೇಂಟ್ ಬಳಿದರಂತೂ ನೀರಾವಿ ಒಳಗೆ ಸಿಕ್ಕಿ ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಕಾಗದದ ಅಚ್ಚು ತೆಗೆಯುವ ಕ್ರಮ ತಿಳಿದಿರಲಿ: ತೊಳೆದ ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟಿ ಅಕ್ಷರದೊಳಕ್ಕೆ ಇಳಿಸಬೇಕು. ಅರೆ ಒಣಗಿದಾಗ ಮಸಿಯ ಉಂಡೆಯಿಂದ ಒತ್ತಿದರೆ ಬಯಲು ಕಪ್ಪಾಗಿ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಾಗದ ಹಸಿಯಾಗಿರುವಾಗಲೇ ಒತ್ತಿದರೆ ಮಸಿ ಕಲ್ಲಿಗೆ ಇಳಿಯುತ್ತದೆ, ಪೂರ್ತಿ ಒಣಗಿದರೆ ಕಾಗದ ಎದ್ದು ಅಚ್ಚು ಜರುಗುತ್ತದೆ. ಕಲಿತವರ ಜೊತೆ ನಾಲ್ಕೈದು ಸಲ ಮಾಡದೆ ಒಬ್ಬರೇ ಕೈ ಹಾಕಬೇಡಿ, ಚಕ್ಕೆ ಏಳುತ್ತಿರುವ ಕಲ್ಲಿಗೆ ಯಾರೂ ಮಾಡಬಾರದು, ಸಂರಕ್ಷಿತ ಸ್ಮಾರಕದಲ್ಲಿ ಅನುಮತಿಯಿಲ್ಲದೆ ಆಗದು.

ಓದು ಮತ್ತು ಕಾಲ

ಸಾಲು ಒಡೆದಂತೆಯೇ ಒಡೆದು ಬರೆಯಿರಿ. ಅನುಮಾನದ ಅಕ್ಷರ ಕಂಸದಲ್ಲಿ, ಅಳಿದದ್ದು ಚುಕ್ಕಿಯಲ್ಲಿ. ಹಳಗನ್ನಡದ ಱ, ೞ ಇದ್ದಲ್ಲಿ ಅವನ್ನೇ ಬರೆಯಿರಿ, ರ, ಳ ಎಂದು ತಿದ್ದಬೇಡಿ. ಆ ಅಕ್ಷರಗಳು ಕಾಲ ಹೇಳುವ ಸಾಕ್ಷಿ.

ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಎಂದು ಬರೆದು ಮುಗಿಸಬೇಡಿ, ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಿ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ, ಶೇಷ ಸೊನ್ನೆಯಾದರೆ ಅಕ್ಷಯ. ಆತಕೂರಿನದನ್ನೇ ಲೆಕ್ಕ ಹಾಕಿ. ಶಾಸನ ಹೇಳುವುದು ಶಕ 872, ಸೌಮ್ಯ. 872ಕ್ಕೆ 12 ಕೂಡಿದರೆ 884, ಶೇಷ 44, ಅಂದರೆ ಸಾಧಾರಣ. ಸೌಮ್ಯ 43ನೆಯದು, ಅದು ಶಕ 871ಕ್ಕೆ ಬರುತ್ತದೆ. ಕಳೆದ ವರ್ಷ ಎಣಿಸುವುದಕ್ಕೂ ನಡೆಯುವ ವರ್ಷ ಎಣಿಸುವುದಕ್ಕೂ ಇರುವ ಒಂದು ವರ್ಷದ ವ್ಯತ್ಯಾಸ ಇದು. ಹಾಗಾಗಿ ಕಾಲ ಕ್ರಿ.ಶ. 949–50. ಯುಗಾದಿಯಿಂದ ಯುಗಾದಿಗೆ ನಡೆಯುವ ಸಂವತ್ಸರವನ್ನು ಹೀಗೆ ಎರಡು ಇಸವಿಯಲ್ಲಿ ಬರೆಯುವುದೇ ಸರಿ.

“ಹೊಸ ಶಾಸನ ಪತ್ತೆ” ಎಂದು ಸುದ್ದಿ ಕೊಡುವ ಮುಂಚೆ ಮೊದಲ ಸಾಲನ್ನು ನಿಮ್ಮ ಪಟ್ಟಿಯೊಂದಿಗೆ ಹೋಲಿಸಿ. ಪಕ್ಕದ ಊರಿನ ಹೆಸರಲ್ಲೂ ಹುಡುಕಿ, ನೂರು ವರ್ಷದ ಹಿಂದೆಯೇ ಅಚ್ಚಾದ ಪಾಠ ಸಿಗುವುದು ಅಪರೂಪವಲ್ಲ. ನಿಜಕ್ಕೂ ಹೊಸದಾದರೆ ಫೋಟೋ, ಜಾಗ, ಅಳತೆಯನ್ನು ರಾಜ್ಯ ಇಲಾಖೆಗೂ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೂ ಕಳಿಸಿ.

ಊರಿಗೊಂದು ಫಲಕ

ಫಲಕ ಕಲ್ಲಿಗೆ ತಾಗಬಾರದು. ಕಲ್ಲಿಗೆ ಮೊಳೆ, ಅಂಟು ಬೇಡ, ಬುಡಕ್ಕೆ ಸಿಮೆಂಟ್ ಕಟ್ಟೆಯೂ ಬೇಡ. ಕಟ್ಟೆ ಕಟ್ಟಿದಾಗ ಕೆಳಗಿನ ಎರಡು ಮೂರು ಸಾಲು ಶಾಶ್ವತವಾಗಿ ಮುಚ್ಚಿಹೋಗುತ್ತವೆ, ಸಿಮೆಂಟಿನ ಉಪ್ಪು ನೀರಿನೊಂದಿಗೆ ಕಲ್ಲಿಗೇರಿ ಬಿಳಿಯಾಗಿ ಒಡೆಯುತ್ತದೆ. ಕಲ್ಲಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ, ಶಿಲ್ಪದ ಮುಖಕ್ಕೆ ಅಡ್ಡ ಬಾರದಂತೆ ಕಂಬ ನೆಡಿ. ಅದಕ್ಕೂ ಮುಂಚೆ ಜಾಗದ ಒಡೆಯರ ಮತ್ತು ಪಂಚಾಯಿತಿಯ ಒಪ್ಪಿಗೆ ಬರಹದಲ್ಲಿರಲಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಇಲಾಖೆಯನ್ನು ಕೇಳದೆ ಗುಂಡಿ ತೋಡಬಾರದು.

ಅಳತೆ 60×45 ಸೆಂಟಿಮೀಟರ್ ಸಾಕು, ಬರಹ ಅರವತ್ತು ಪದದ ಆಸುಪಾಸು. ಅದಕ್ಕಿಂತ ಉದ್ದವಾದರೆ ಅಕ್ಷರ ಸಣ್ಣದಾಗಿ ಯಾರೂ ನಿಂತು ಓದುವುದಿಲ್ಲ. ಕೊಡುಗೆ ಕೊಟ್ಟವರ ಹೆಸರುಗಳು ಶಾಸನಕ್ಕಿಂತ ದೊಡ್ಡದಾಗಿರುವ ಫಲಕ ಊರಿಗೆ ಬೇಡ, ಆ ಹೆಸರುಗಳನ್ನು ಹಿಂಬದಿಗೆ ಬರೆಯಿರಿ. ಕಲ್ಲು ಬೇರೆಡೆಗೆ ಹೋಗಿದ್ದರೂ ಅದು ನಿಂತಿದ್ದ ಜಾಗಕ್ಕೆ ಫಲಕ ಬೇಕು. ಆತಕೂರಿಗಾದರೆ ಬರಹ ಹೀಗಿರಬಹುದು:

“ಆತಕೂರು ಶಾಸನ. ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರ, ಗಂಗ ಇಮ್ಮಡಿ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಕಾಳಿ ಕಾಡುಹಂದಿಯೊಂದಿಗೆ ಕಾದಿತು, ಎರಡೂ ಸತ್ತವು. ಆ ನಾಯಿಯ ನೆನಪಿಗೆ ಚಲ್ಲೇಶ್ವರನ ಮುಂದೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಎಪಿಗ್ರಾಫಿಯಾ ಕರ್ನಾಟಿಕ, ಹಳೆಯ ಆವೃತ್ತಿ, ಸಂಪುಟ 3, ಮಂಡ್ಯ 41. ಮೂಲ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.”

ಫಲಕ ನೆಟ್ಟ ದಿನ ಶಾಲೆಯ ಮಕ್ಕಳ ಕೈಯಲ್ಲಿ ಅದನ್ನು ಗಟ್ಟಿಯಾಗಿ ಓದಿಸಿ. ದಾಖಲೆಯ ಒಂದು ಪ್ರತಿ ಪಂಚಾಯಿತಿಗೆ, ಒಂದು ಶಾಲೆಗೆ, ಒಂದು ತಾಲ್ಲೂಕು ಗ್ರಂಥಾಲಯಕ್ಕೆ ಕೊಡಿ. ಫೋಟೋ ಕಡತಗಳಿಗೆ ಊರು, ಸರ್ವೆ ನಂಬರು, ಕಲ್ಲಿನ ಕ್ರಮಸಂಖ್ಯೆ, ದಿನಾಂಕ ಇರುವ ಹೆಸರಿಟ್ಟು ಎರಡು ಬೇರೆ ಬೇರೆ ಕಡೆ ಉಳಿಸಿ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದು ಪೊದೆ ಒಣಗಿದ ಮೇಲೆ, ಅದೇ ಜಾಗದಲ್ಲಿ ನಿಂತು ಅದೇ ನಾಲ್ಕು ದಿಕ್ಕಿನ ಫೋಟೋ ಮತ್ತೆ ತೆಗೆಯಿರಿ.